ತೆರೆದೇ ಉಳಿದ ಇಪ್ಪತ್ತು ಕನೆಕ್ಷನ್‌ಗಳು

ಆ ವಾರದ ಬಗ್ಗೆ ಬರೆಯಲು ಕೂರುವ ಮೊದಲು ಹಳೆಯ ಮೇಲ್‌ಗಳನ್ನೂ, ನಮ್ಮ ಪ್ರೋಗ್ರಾಮಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಎಂಬ ದಾಖಲೆಯನ್ನೂ ತೆಗೆದು ಎದುರಿಗಿಟ್ಟುಕೊಂಡಿದ್ದೇನೆ. ನೆನಪಿನಿಂದಲೇ ಬರೆದರೆ ಕಥೆ ಸರಾಗವಾಗಿ ಬರುತ್ತದೆ. ಸರಾಗವಾಗಿ ಬಂದದ್ದರ ಮೇಲೆ ನನಗೆ ಈಗ ವಿಶ್ವಾಸ ಕಡಿಮೆ. ಮಾತುಗಳನ್ನು ಮಾತ್ರ ನೆನಪಿನಿಂದ ಬರೆದಿದ್ದೇನೆ; ಅವನ್ನೂ ಆಡಿದವರಿಗೆ ಓದಿ ಹೇಳಿ, ಅವರು ತಿದ್ದಿದಲ್ಲಿ ತಿದ್ದಿಕೊಂಡಿದ್ದೇನೆ.

ನಮ್ಮದು ಸುರತ್ಕಲ್‌ನಲ್ಲಿ ಹೆದ್ದಾರಿ ಬದಿಯ ಒಂದು ಕಟ್ಟಡದ ಎರಡನೇ ಮಹಡಿಯ ಕಚೇರಿ. ಪಣಂಬೂರಿನ ಹತ್ತಿರ ಸರಕು ಇಳಿಸಿ ಇಡುವ ಖಾಸಗಿ ಯಾರ್ಡೊಂದಕ್ಕೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಲಾರಿ ಗೇಟಿಗೆ ಬಂದಾಗ ನಂಬರ್ ದಾಖಲಿಸುವುದು, ವೇ ಬ್ರಿಜ್ ಮೇಲೆ ನಿಂತಾಗ ತೂಕ ಬರೆದುಕೊಳ್ಳುವುದು, ಹೊರಗೆ ಹೋಗುವಾಗ ಚೀಟಿ ಕೊಡುವುದು, ಇಷ್ಟೇ ಅದರ ಕೆಲಸ. ಅದನ್ನು ಪರೀಕ್ಷಿಸಲು ಸ್ಕ್ರಿಪ್ಟ್‌ಗಳಿದ್ದವು. ಒಂದೊಂದು ಸ್ಕ್ರಿಪ್ಟ್ ಮನುಷ್ಯರಂತೆಯೇ ಪರದೆ ತೆರೆದು ಒಂದು ಸುಳ್ಳು ಲಾರಿಯನ್ನು ಒಳಗೆ ಬಿಡುತ್ತದೆ. ಆಮೇಲೆ ನೇರವಾಗಿ ಡೇಟಾಬೇಸಿಗೆ ಹೋಗಿ ಆ ಲಾರಿ ನಿಜಕ್ಕೂ ದಾಖಲಾಗಿದೆಯೇ ಎಂದು ನೋಡುತ್ತದೆ. ಪರದೆ ‘ಆಯಿತು’ ಎಂದು ತೋರಿಸಿದರೆ ಸಾಲದು ಎಂದು ಹಟ ಹಿಡಿದು ಈ ಎರಡನೇ ಹೆಜ್ಜೆ ಸೇರಿಸಿದವನು ನಾನೇ.

ಡೇಟಾಬೇಸಿಗೆ ಹೋಗಬೇಕಾದರೆ ಒಂದು ಕನೆಕ್ಷನ್ ತೆರೆಯಬೇಕು, ಕೆಲಸವಾದ ಮೇಲೆ ಮುಚ್ಚಬೇಕು. ಮುಚ್ಚದಿದ್ದರೆ ಮಾತು ಮುಗಿದ ಮೇಲೂ ಕೆಳಗಿಡದ ಫೋನಿನ ಹಾಗೆ, ಎಲ್ಲ ಸ್ಕ್ರಿಪ್ಟ್‌ಗಳೂ ಓಡಿ ಮುಗಿಯುವವರೆಗೆ ಅದು ಒಂದು ಲೈನನ್ನು ಹಿಡಿದುಕೊಂಡೇ ಇರುತ್ತದೆ. ನಮ್ಮ ಪರೀಕ್ಷೆಗಳಿಗೆ ಒಂದು ಹೊತ್ತಿಗೆ ಇಪ್ಪತ್ತು ಕನೆಕ್ಷನ್ ಮಾತ್ರ ಎಂದು ಮಿತಿ ಇತ್ತು. ಸ್ಕ್ರಿಪ್ಟ್‌ಗಳು ಒಂದಾದ ಮೇಲೆ ಒಂದು ಓಡುವುದರಿಂದ ನಿಜವಾಗಿ ಒಂದೇ ಸಾಕು.

ಗೇಟಿನ ಸ್ಕ್ರಿಪ್ಟ್‌ಗಳು ನನ್ನವು. ವೇ ಬ್ರಿಜ್‌ನವು ಕಾಟಿಪಳ್ಳದಿಂದ ಬರುವ ಪರೀಕ್ಷಕಿಯವು. ನಾಲ್ಕು ವರ್ಷ ಅವರು ಇದೇ ಕೆಲಸವನ್ನು ಕೈಯಿಂದ ಮಾಡಿದ್ದರು: ಅದೇ ಪರದೆ, ಅದೇ ಲಾರಿ ನಂಬರ್, ಅದೇ ತೂಕ, ದಿನಕ್ಕೆ ಎಷ್ಟೋ ಸಲ. ಆಮೇಲೆ ಯಾರೂ ಹೇಳದೆ ತಾವಾಗಿಯೇ ಪ್ರೋಗ್ರಾಮಿಂಗ್ ಕಲಿತು ಎಂಟು ತಿಂಗಳಲ್ಲಿ ಅರವತ್ತೆರಡು ಸ್ಕ್ರಿಪ್ಟ್ ಬರೆದರು. ಅವನ್ನು ಓದುವುದು ನನಗೆ ಆಗಲೂ ಇಷ್ಟವಿತ್ತು. ಪ್ರತಿಯೊಂದರಲ್ಲೂ ಒಬ್ಬ ಡ್ರೈವರ್ ಇದ್ದಾನೆ, ಅವನಿಗೊಂದು ಆತುರವಿದೆ. ಒಬ್ಬ ತೂಕ ನಿಲ್ಲುವ ಮೊದಲೇ ಲಾರಿ ಮುಂದೆ ತೆಗೆಯುತ್ತಾನೆ. ಇನ್ನೊಬ್ಬ ಹಿಂದಿನ ಚಕ್ರ ಹೊರಗೇ ಬಿಟ್ಟು ನಿಲ್ಲುತ್ತಾನೆ. ಮತ್ತೊಬ್ಬ ಒಂದೇ ಚೀಟಿಯಲ್ಲಿ ಎರಡು ಸಲ ಬರುತ್ತಾನೆ. ವರ್ಷಗಟ್ಟಲೆ ಪರದೆಯ ಮುಂದೆ ಕೂತವರಿಗೆ ಮಾತ್ರ ಹೊಳೆಯುವ ಸಂಗತಿಗಳು.

ಈ ಅರವತ್ತೆರಡನ್ನು ನನ್ನವುಗಳ ಜತೆ ಸೇರಿಸಿ ಒಟ್ಟಿಗೆ ಓಡಿಸಲು ಶುರು ಮಾಡಿದ ವಾರವೇ ತೊಂದರೆ ಬಂತು. ಗೇಟಿನವು ಮೊದಲು ಓಡುತ್ತವೆ, ಆಮೇಲೆ ವೇ ಬ್ರಿಜ್‌ನವು; ಫೈಲಿನ ಹೆಸರುಗಳ ಅಕ್ಷರ ಕ್ರಮ ಹಾಗಿತ್ತು. ಗೇಟಿನ ಭಾಗ ಎಂದಿನಂತೆ ಮುಗಿಯಿತು. ವೇ ಬ್ರಿಜ್‌ನವು ಒಂದೂ ಬಿಡದೆ ಬಿದ್ದವು. ಎಲ್ಲದರ ಮುಂದೂ ಒಂದೇ ಕಾರಣ: ಕನೆಕ್ಷನ್ ಸಿಗಲಿಲ್ಲ.

ನಾನು ಆ ವಾರದ ಶುಕ್ರವಾರವೇ ಮ್ಯಾನೇಜರರಿಗೆ ಮೇಲ್ ಬರೆದೆ. ಈಗ ಅದು ನನ್ನ ಮುಂದಿದೆ. “ಕನೆಕ್ಷನ್ ಮುಚ್ಚುವ ಸಾಲನ್ನು ಎಲ್ಲರೂ ಬಳಸುವ ಫೈಲಿನಲ್ಲಿ ನಾನೇ ಬರೆದಿದ್ದೇನೆ, ಚೆನ್ನಾಗಿ ನೆನಪಿದೆ. ದೋಷ ವೇ ಬ್ರಿಜ್ ಸ್ಕ್ರಿಪ್ಟ್‌ಗಳಲ್ಲಿದೆ.” ಎರಡೇ ವಾಕ್ಯ. ಸಂಖ್ಯಾಶಾಸ್ತ್ರ ಓದುವಾಗ ಒಂದೇ ವಾರದಲ್ಲಿ ಆದ ಎರಡು ಸಂಗತಿಗಳಲ್ಲಿ ಒಂದನ್ನು ಇನ್ನೊಂದರ ಕಾರಣ ಎನ್ನಬಾರದು ಎಂದು ಕಲಿತಿದ್ದೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಬಂದಿತ್ತು.

ಸೋಮವಾರ ಮ್ಯಾನೇಜರರು ಮೂವರನ್ನು ಕರೆದರು: ನನ್ನನ್ನು, ಪರೀಕ್ಷಕಿಯನ್ನು, ಡೇಟಾಬೇಸ್ ನೋಡಿಕೊಳ್ಳುವ ಹಿರಿಯರನ್ನು. ಹಿರಿಯರನ್ನು ಕಚೇರಿಯಲ್ಲಿ ಎಲ್ಲರೂ ಶೆಟ್ರೆ ಎಂದೇ ಕರೆಯುವುದು. ಅವರ ಮನೆಯವರದ್ದು ಹೋಟೆಲ್ ವ್ಯವಹಾರ. ಗಲ್ಲಾಪೆಟ್ಟಿಗೆಯ ಮುಂದೆ ಕೂರುವುದು ಬೇಡವೆಂದು ಕಂಪ್ಯೂಟರಿಗೆ ಬಂದವರು. ಮುಂದಿನ ಸೋಮವಾರ ಯಾರ್ಡಿನವರು ಬಂದು ನಮ್ಮ ಪರೀಕ್ಷೆಗಳು ಓಡುವುದನ್ನು ಕಣ್ಣಾರೆ ನೋಡುತ್ತಾರೆ ಎಂದು ಮ್ಯಾನೇಜರರು ತಿಳಿಸಿದರು. ಶುಕ್ರವಾರ ಸಂಜೆಯೊಳಗೆ ವೇ ಬ್ರಿಜ್ ಸ್ಕ್ರಿಪ್ಟ್‌ಗಳು ಸರಿಯಾಗದಿದ್ದರೆ ಅವನ್ನು ಬದಿಗಿಟ್ಟು ಆ ಭಾಗವನ್ನು ಮೊದಲಿನಂತೆ ಕೈಯಿಂದಲೇ ಪರೀಕ್ಷಿಸುವುದು ಎಂದರು. ಕೈಯಿಂದ ಎಂದರೆ ಪರೀಕ್ಷಕಿಯ ಕೈಯಿಂದ. ಹೊರಗೆ ಬಂದ ಮೇಲೆ ಅವರು ನನ್ನೊಡನೆ, “ನನ್ನದು ಒಂದೇ ಓಡಿಸಿದ್ರೆ ಎಲ್ಲ ಪಾಸ್ ಆಗ್ತದೆ ಸರ್. ನೀವು ಒಳಗೆ ಅದನ್ನು ಹೇಳಲಿಲ್ಲ ಅಲ್ವಾ?” ಎಂದು ಕೇಳಿದರು. ಹೇಳಿರಲಿಲ್ಲ, ಮೇಲ್‌ನಲ್ಲೂ ಬರೆದಿರಲಿಲ್ಲ.

ಸೋಮವಾರ ಮಧ್ಯಾಹ್ನದಿಂದ ಮಂಗಳವಾರ ಮಧ್ಯಾಹ್ನದವರೆಗೆ ಅವರ ಅರವತ್ತೆರಡು ಸ್ಕ್ರಿಪ್ಟ್‌ಗಳನ್ನು ಒಂದೊಂದಾಗಿ ಓದಿದೆ. ತಪ್ಪು ಸಿಗಲೇಬೇಕು ಎಂದು ಓದುವವನಿಗೆ ಅದು ಸಿಗುತ್ತದೆ. ಒಂದರಲ್ಲಿ ಅವರು ಎಲ್ಲರೂ ಬಳಸುವ ಫೈಲನ್ನು ಬಿಟ್ಟು ತಾವೇ ಕನೆಕ್ಷನ್ ತೆರೆದಿದ್ದರು, ಮುಚ್ಚಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಕುರ್ಚಿಯಿಂದ ಎದ್ದು ಕಾರಿಡಾರಿನಲ್ಲಿ ಎರಡು ಸುತ್ತು ಹಾಕಿ ಬಂದೆ. ಅವರು ಅದನ್ನು ತಕ್ಷಣ ಸರಿಪಡಿಸಿದರು. ಮತ್ತೆ ಓಡಿಸಿದೆವು. ನಲವತ್ತು ನಿಮಿಷದ ಓಟ. ಮತ್ತೆ ಎಲ್ಲವೂ ಬಿದ್ದವು.

ಇನ್ನೊಂದು ದಾರಿ ಶೆಟ್ರ ಬಳಿ ಇತ್ತು. ಮಿತಿಯನ್ನು ಇಪ್ಪತ್ತರಿಂದ ನಲವತ್ತಕ್ಕೆ ಏರಿಸಿ ಎಂದು ಕೇಳಿದೆ. ಅವರು ಕನ್ನಡಕ ಹಣೆಗೆ ಏರಿಸಿದರು. ಅವರು ಮತ್ತು ಪರೀಕ್ಷಕಿ ತಮ್ಮೊಳಗೆ ಮಾತಾಡುವುದು ತುಳುವಿನಲ್ಲಿ. ನನಗೆ ತುಳು ಆಡಲು ಬಾರದೆಂದು ನನ್ನ ಜತೆ ಕನ್ನಡ; ಕೇಳಿದರೆ ಅರ್ಥವಾಗುವಷ್ಟು ಬರುತ್ತದೆ ಎಂದು ನಾನು ಹೇಳಿಲ್ಲ.

“ಒಂದು ಬೇಕಾದವನಿಗೆ ಇಪ್ಪತ್ತು ಕೊಟ್ಟಿದ್ದೇನೆ ಮಾರಾಯ. ಇಪ್ಪತ್ತನ್ನೂ ಎಂತ ಮಾಡಿದೆ ಅಂತ ಮೊದಲು ಹೇಳು.”

ಅದೇ ಗೊತ್ತಾಗುತ್ತಿಲ್ಲ ಎಂದೆ.

“ಗೊತ್ತಾಗದವನಿಗೆ ನಲವತ್ತು ಕೊಟ್ರೆ ನಲವತ್ತೂ ಗೊತ್ತಾಗುವುದಿಲ್ಲ.”

ಆದರೂ ಅವರು ತಮ್ಮ ಪರದೆಯಲ್ಲಿ ತೆರೆದಿರುವ ಕನೆಕ್ಷನ್‌ಗಳ ಪಟ್ಟಿ ತೋರಿಸಿದರು. ಓಟ ನಡೆಯುತ್ತಿತ್ತು. ಇಪ್ಪತ್ತು ಸಾಲು. ಎಲ್ಲವೂ ಒಂದೇ ಯಂತ್ರದಿಂದ, ಒಂದೇ ಬಳಕೆದಾರನ ಹೆಸರಲ್ಲಿ. ಯಾವುದೂ ಏನೂ ಕೆಲಸ ಮಾಡುತ್ತಿರಲಿಲ್ಲ. ಒಂದೊಂದನ್ನು ಎಷ್ಟು ಹೊತ್ತಿಗೆ ತೆರೆದದ್ದು ಎಂಬುದೂ ಅಲ್ಲಿತ್ತು. ಆದರೆ ಆ ಸರ್ವರಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ. ಅಷ್ಟು ಕೂಡಿಸಿ, ತೆರೆದದ್ದು ಗೇಟಿನವು ಓಡುವಾಗಲೋ ವೇ ಬ್ರಿಜ್‌ನವು ಓಡುವಾಗಲೋ ಎಂದು ನೋಡಲು ಒಂದು ನಿಮಿಷ ಸಾಕಿತ್ತು. ನಾನು ನೋಡಲಿಲ್ಲ. ಅವು ಯಾರವು ಎಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ.

ಬುಧವಾರ ಬೆಳಿಗ್ಗೆ ಬೇರೇನೂ ತೋಚದೆ ಕ್ರಮವನ್ನು ತಿರುಗಿಸಿದೆ: ಮೊದಲು ವೇ ಬ್ರಿಜ್, ಆಮೇಲೆ ಗೇಟು. ಅರವತ್ತೆರಡೂ ಪಾಸಾದವು. ಗೇಟಿನಲ್ಲಿ ಏಳು ಬಿದ್ದವು. ಆ ಏಳು ನಮಗೆ ‘ಗೊತ್ತಿರುವವು’. ಲಾರಿ ನಂಬರಿನ ಪರದೆಯಲ್ಲಿ ನಿಜವಾದ ದೋಷಗಳಿದ್ದವು, ಡೆವಲಪರ್‌ಗಳು ಸರಿಪಡಿಸುವವರಿದ್ದರು. ಮೊದಲು ಐದಿದ್ದವು, ಕಳೆದ ವಾರ ಇನ್ನೆರಡು ಸೇರಿಕೊಂಡಿದ್ದವು. ಗೊತ್ತಿರುವವು ಎಂದ ಮೇಲೆ ಅವನ್ನು ಯಾರೂ ಮತ್ತೆ ನೋಡುವುದಿಲ್ಲ.

ಮ್ಯಾನೇಜರರಿಗೆ ನಿರಾಳವಾಯಿತು. ಸೋಮವಾರವೂ ಇದೇ ಕ್ರಮದಲ್ಲಿ ತೋರಿಸಿದರೆ ಮುಗಿಯಿತಲ್ಲ, ಯಾರ್ಡಿನವರಿಗೆ ಯಾವುದು ಮೊದಲು ಎಂಬುದು ಮುಖ್ಯವೇ ಅಲ್ಲ ಎಂದರು. ನಾನೂ ಹೂಂ ಎಂದೆ ಎಂದು ಪರೀಕ್ಷಕಿ ಹೇಳುತ್ತಾರೆ. ನನಗೆ ನಾನು ಸುಮ್ಮನಿದ್ದ ನೆನಪು. ಇಲ್ಲಿ ಅವರ ಮಾತನ್ನೇ ಇಟ್ಟುಕೊಳ್ಳುತ್ತೇನೆ. ಒಪ್ಪದಿದ್ದವರು ಅವರೊಬ್ಬರೇ.

“ಹೀಗೆ ಪಾಸ್ ಆದ್ರೆ ಅದು ಅಡ್ಡ ಹಾಕಿ ಮುಚ್ಚಿದ ಹಾಗೆ ಅಲ್ವಾ ಸರ್,” ಎಂದರು ಮ್ಯಾನೇಜರರಿಗೆ. “ನಾಳೆ ಇನ್ಯಾರೋ ಕ್ರಮ ಬದಲಾಯಿಸಿದ್ರೆ ಮತ್ತೆ ನನ್ನ ಮೇಲೆ ಬರ್ತದೆ. ನನ್ನದು ತಪ್ಪು ಅಂತ ಮೇಲ್ ಉಂಟು. ನನ್ನದು ಹೌದಾ ಅಲ್ವಾ ಅಂತ ನನಗೆ ಗೊತ್ತಾಗ್ಬೇಕು.”

ಅವರ ದನಿ ಏರಿರಲಿಲ್ಲ. ಆ ಮೇಲ್ ಅವರಿಗೆ ತಲುಪಿದೆ ಎಂದು ನನಗೆ ತಿಳಿದದ್ದು ಆಗ.

ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿಟ್ಟು ಅವರು ನನ್ನ ಮೇಜಿಗೆ ಬಂದರು. ಅವರ ತಂದೆ ದೇವಸ್ಥಾನದಲ್ಲಿ ಪೂಜೆ ಮಾಡುವವರು. ಉಗ್ರಾಣದ ಕೀಲಿಕೈಯೂ ಅವರ ಬಳಿಯೇ. ಊರಿನ ಮನೆಗಳಲ್ಲಿ ಮದುವೆ, ಗೃಹಪ್ರವೇಶ ಆದಾಗ ಅಲ್ಲಿಂದ ಕೊಪ್ಪರಿಗೆ, ಹರಿವಾಣ ಒಯ್ಯುತ್ತಾರೆ. ಅದನ್ನೇ ಯೋಚಿಸುತ್ತಿದ್ದೆ ಎಂದರು.

“ನಮ್ಮಲ್ಲಿ ಪಾತ್ರೆ ಹೊರಗೆ ಹೋಗುವಾಗ ಅಪ್ಪ ಅದಕ್ಕೆ ಒಂದು ಚೀಟಿ ಕಟ್ತಾರೆ, ಯಾವ ಮನೆಗೆ ಅಂತ. ಉಗ್ರಾಣದಲ್ಲಿ ಇಲ್ಲದ್ದನ್ನು ನೋಡಿ ಯಾರು ತಗೊಂಡದ್ದು ಅಂತ ಹೇಳ್ಲಿಕ್ಕಾಗುವುದಿಲ್ಲ ಅಲ್ವಾ. ಶೆಟ್ರ ಪಟ್ಟಿಯಲ್ಲಿ ಇಪ್ಪತ್ತು ಪಾತ್ರೆ ಹೊರಗೆ ಉಂಟು, ಒಂದಕ್ಕೂ ಚೀಟಿ ಇಲ್ಲ. ಕನೆಕ್ಷನ್‌ಗೆ ಹೆಸರು ಕೊಡ್ಲಿಕ್ಕೆ ಆಗ್ತದಾ ಸರ್?”

ಆಗುತ್ತದೆ. ತೆರೆಯುವಾಗಲೇ ಒಂದು ಹೆಸರು ಕೊಡಬಹುದು, ಅದು ಪಟ್ಟಿಯಲ್ಲಿ ಕಾಣಿಸುತ್ತದೆ. ಅಂಥದ್ದೊಂದು ಅವಕಾಶವಿದೆ ಎಂದು ನನಗೆ ಗೊತ್ತಿತ್ತು, ಬಳಸಬೇಕೆಂದು ಎಂದೂ ಅನ್ನಿಸಿರಲಿಲ್ಲ. ಎಲ್ಲರೂ ಬಳಸುವ ಫೈಲಿನಲ್ಲಿ, ಪ್ರತಿ ಪರೀಕ್ಷೆ ಶುರುವಾಗುವ ಜಾಗದಲ್ಲಿ ಇಬ್ಬರೂ ಕೂತು ಎರಡು ಸಾಲು ಸೇರಿಸಿದೆವು: ಕನೆಕ್ಷನ್ ಎಲ್ಲಿಂದ ತೆರೆದರೂ ಈಗ ಓಡುತ್ತಿರುವ ಪರೀಕ್ಷೆಯ ಹೆಸರೇ ಅದರ ಹೆಸರು. ಆ ಹೊತ್ತಿಗೆ ಸರ್ವರಿನಲ್ಲಿ ಬೇರೆಯವರ ಕೆಲಸ ಶುರುವಾಗಿತ್ತು. ಗುರುವಾರ ಬೆಳಿಗ್ಗೆ ಮೊದಲಿನ ಕ್ರಮದಲ್ಲೇ ಓಡಿಸಿ ನೋಡುವುದು ಎಂದಾಯಿತು.

ಗುರುವಾರ ಹತ್ತು ಗಂಟೆಗೆ ಮೂವರೂ ಶೆಟ್ರ ಪರದೆಯ ಮುಂದೆ ನಿಂತಿದ್ದೆವು. ಗೇಟಿನ ಪರೀಕ್ಷೆಗಳು ಓಡುತ್ತಿದ್ದಂತೆ ಪಟ್ಟಿಯಲ್ಲಿ ಒಂದು ಸಾಲು ಬರುವುದು, ಹೋಗುವುದು. ಬರುವುದು, ಹೋಗುವುದು. ಆಮೇಲೆ ಒಂದು ಬಂತು, ಹೋಗಲಿಲ್ಲ. ಅದೇ ಹೆಸರು ಮತ್ತೊಮ್ಮೆ ಬಂತು, ಮತ್ತೊಮ್ಮೆ. ಮೂರು ಸಾಲು ನಿಂತವು. ಬಿದ್ದ ಪರೀಕ್ಷೆಯನ್ನು ಇನ್ನೆರಡು ಸಲ ಓಡಿಸಿ ನೋಡುವ ಏರ್ಪಾಡು ನಮ್ಮಲ್ಲಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಹೆಸರು, ಮೂರು ಸಲ. ಶೆಟ್ರು ಬೆರಳಿನಿಂದ ಪರದೆ ಮುಟ್ಟಿ ಒಂದೊಂದನ್ನೇ ಗಟ್ಟಿಯಾಗಿ ಓದುತ್ತಿದ್ದರು. ಗೇಟಿನ ಭಾಗ ಮುಗಿಯುವಾಗ ಇಪ್ಪತ್ತೂ ತುಂಬಿದ್ದವು. ಏಳು ಪರೀಕ್ಷೆ, ತಲಾ ಮೂರು ಸಲ. ಇಪ್ಪತ್ತೊಂದನೆಯದಕ್ಕೆ ಜಾಗ ಸಿಕ್ಕಿರಲಿಲ್ಲ. ಎಲ್ಲವೂ ಗೇಟಿನವು, ಆ ‘ಗೊತ್ತಿರುವವು’. ಮೊದಲು ಐದೇ ಇದ್ದಾಗ ಹದಿನೈದು ತೆರೆದುಳಿಯುತ್ತಿದ್ದವು, ಮಿತಿ ದಾಟುತ್ತಿರಲಿಲ್ಲ, ಯಾರಿಗೂ ತಿಳಿಯುತ್ತಿರಲಿಲ್ಲ. ವೇ ಬ್ರಿಜ್‌ನ ಒಂದು ಹೆಸರೂ ಪಟ್ಟಿಯಲ್ಲಿರಲಿಲ್ಲ. ಅವುಗಳ ಪಾಳಿ ಬರುವಾಗ ಕೊಡಲು ಏನೂ ಉಳಿದಿರಲಿಲ್ಲ.

ಪರೀಕ್ಷಕಿ ನನ್ನ ಕಡೆ ನೋಡಲಿಲ್ಲ. ಅದಕ್ಕೆ ನಾನು ಇಂದಿಗೂ ಕೃತಜ್ಞ.

ಮುಚ್ಚುವ ಸಾಲು ಇದೆ, ನಾನೇ ಬರೆದದ್ದು ಎಂದು ಇನ್ನೊಮ್ಮೆ ಹೇಳಿದೆ. ಫೈಲು ತೆರೆದೆ. ಸಾಲು ಇತ್ತು. ಪರೀಕ್ಷೆ ಮುಗಿದ ಮೇಲೆ ನಡೆಯುವ ಭಾಗದಲ್ಲಿ ಮೊದಲು ಸುಳ್ಳು ಲಾರಿಯ ದಾಖಲೆ ಅಳಿಸುವುದು, ಆಮೇಲೆ ಕನೆಕ್ಷನ್ ಮುಚ್ಚುವುದು. ನನ್ನ ನೆನಪಿನಲ್ಲಿದ್ದಂತೆಯೇ. ಆದರೆ ಅವೆರಡರ ಮೇಲೆ ಇನ್ನೊಂದು ಸಾಲಿತ್ತು: ಪರೀಕ್ಷೆ ಬಿದ್ದಿದ್ದರೆ ಇಲ್ಲಿಂದಲೇ ವಾಪಸು ಹೋಗು.

ವಾಪಸು ಹೋದರೆ ಅಳಿಸುವುದೂ ಇಲ್ಲ, ಮುಚ್ಚುವುದೂ ಇಲ್ಲ.

ಬದಲಾವಣೆಗಳ ದಾಖಲೆಯಲ್ಲಿ ಆ ಸಾಲಿನ ಮುಂದೆ ನನ್ನ ಹೆಸರಿದೆ, ಒಂದೂವರೆ ವರ್ಷ ಹಿಂದಿನ ತಾರೀಕಿದೆ. ಜತೆಗೆ ನಾನೇ ಬರೆದ ಟಿಪ್ಪಣಿ: ಬಿದ್ದ ಪರೀಕ್ಷೆಯ ದಾಖಲೆ ಅಳಿಸಬಾರದು, ಆಮೇಲೆ ನೋಡಬೇಕು. ಉದ್ದೇಶ ಸರಿಯಾಗಿಯೇ ಇತ್ತು. ಪರೀಕ್ಷೆ ಯಾಕೆ ಬಿತ್ತೆಂದು ಯಾರ ನೆನಪನ್ನೂ ನಂಬದೆ ಡೇಟಾಬೇಸಿನಲ್ಲಿ ಉಳಿದದ್ದನ್ನೇ ನೋಡಬೇಕು ಎಂಬುದು. ಅಳಿಸುವುದನ್ನು ತಡೆಯಲು ಹೋಗಿ ಮುಚ್ಚುವುದನ್ನೂ ತಡೆದಿದ್ದೆ. ಮುಚ್ಚುವ ಸಾಲು ಬರೆದದ್ದು ನನಗೆ ಅಷ್ಟು ಚೆನ್ನಾಗಿ ನೆನಪಿತ್ತು. ಅದನ್ನು ದಾಟಿ ಹೋಗುವ ಸಾಲು ಬರೆದ ನೆನಪು ಚೂರೂ ಇರಲಿಲ್ಲ, ಈಗಲೂ ಇಲ್ಲ. ಆ ದಿನ ಹೇಗಿದ್ದಿರಬಹುದು ಎಂದು ಕೆಲವೊಮ್ಮೆ ಕಲ್ಪಿಸಿಕೊಳ್ಳುತ್ತೇನೆ. ಎರಡು ಸಲ ಕಲ್ಪಿಸಿದ ಮೇಲೆ ಅದೂ ನೆನಪಿನ ಹಾಗೆಯೇ ಕಾಣತೊಡಗುತ್ತದೆ, ಅದಕ್ಕೆ ಬಿಟ್ಟುಬಿಟ್ಟಿದ್ದೇನೆ.

ಸರಿಪಡಿಸಲು ಒಂದು ನಿಮಿಷ ಸಾಕು. ಮುಚ್ಚುವ ಸಾಲು ಎಲ್ಲ ಸಂದರ್ಭದಲ್ಲೂ ನಡೆಯುವಂತೆ ಮಾಡಿದರೆ ಶುಕ್ರವಾರದ ಓಟ ಸರಿಯಾಗುತ್ತದೆ, ಪರೀಕ್ಷಕಿಯ ಸ್ಕ್ರಿಪ್ಟ್‌ಗಳು ಉಳಿಯುತ್ತವೆ, ಮ್ಯಾನೇಜರರು ಇನ್ನೇನೂ ಕೇಳುವುದಿಲ್ಲ. ಆದರೆ ನನ್ನ ಮೇಲ್ ಹಾಗೇ ಇರುತ್ತದೆ. ಮುಂದೆ ಯಾವಾಗಲೋ ಯಾರೋ ಅವರ ಕೆಲಸದ ಬಗ್ಗೆ ಹಳೆಯ ಮೇಲ್ ಹುಡುಕಿದರೆ ಆ ಎರಡು ವಾಕ್ಯ ಸಿಗುತ್ತವೆ. ಗುರುವಾರ ಊಟದ ಹೊತ್ತೆಲ್ಲ ಕಾರಿಡಾರಿನಲ್ಲಿ ಆಚೆ ಈಚೆ ನಡೆದೆ. ಏನು ಯೋಚಿಸಿದೆ ಎಂದು ಬರೆದರೆ ಅದು ಈಗಿನ ಯೋಚನೆಯಾದೀತು. ಮಾಡಿದ್ದು ಇಷ್ಟು: ಮೇಜಿಗೆ ಬಂದು ಇನ್ನೊಂದು ಮೇಲ್ ಬರೆದು, ಹಳೆಯದನ್ನು ಓದಿದವರೆಲ್ಲರಿಗೂ ಕಳಿಸಿದೆ. ದೋಷ ನನ್ನ ಸಾಲಿನಲ್ಲಿದೆ, ವೇ ಬ್ರಿಜ್ ಸ್ಕ್ರಿಪ್ಟ್‌ಗಳ ಬಗ್ಗೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಕಂಡುಹಿಡಿಯುವ ದಾರಿ ತೋರಿಸಿದವರು ಪರೀಕ್ಷಕಿ ಎಂದು. ಬದಲಾವಣೆಯ ದಾಖಲೆಯ ಚಿತ್ರವನ್ನೂ ಜತೆಗಿಟ್ಟೆ.

ಆಮೇಲೆ ಏನೇ ಆದರೂ ಕನೆಕ್ಷನ್ ಮುಚ್ಚುವಂತೆ ಫೈಲನ್ನು ಸರಿಪಡಿಸಿ, ಶೆಟ್ರ ಹತ್ತಿರ ಹೋಗಿ ಮಿತಿಯನ್ನು ಬದಲಿಸಿ ಎಂದೆ.

“ಮತ್ತೆ ನಲವತ್ತಾ?”

“ಎರಡು.”

ಅವರು ತಿರುಗಿ ನೋಡಿದರು. ಇಪ್ಪತ್ತಿದ್ದುದರಿಂದಲೇ ತಪ್ಪು ಒಂದೂವರೆ ವರ್ಷ ಅಡಗಿತ್ತು. ಎರಡೇ ಇದ್ದರೆ ಎರಡು ಸಲ ಮುಚ್ಚದೆ ಹೋದ ಕೂಡಲೇ ಮುಂದಿನ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ ಎಂದು ವಿವರಿಸಿದೆ.

“ಈಗ ನಿನಗೆ ಬುದ್ಧಿ ಬಂತು ನೋಡು,” ಎಂದು ಶೆಟ್ರು ಕೀಲಿಮಣೆಯ ಕಡೆ ತಿರುಗಿದರು. “ಬಂದದ್ದು ಯಾವಾಗ? ಎಲ್ಲರದ್ದೂ ಊಟ ಆದ ಮೇಲೆ.”

ಶುಕ್ರವಾರ ಬೆಳಿಗ್ಗೆ ಪರೀಕ್ಷಕಿಗೆ ಭಯವಿತ್ತು. ಇಪ್ಪತ್ತರಲ್ಲಿ ತಮ್ಮದು ಇಲ್ಲ ಎಂದು ಗೊತ್ತಾಗಿದೆ, ಎರಡರಲ್ಲಿ ಏನಾಗುತ್ತದೋ, ಸುಮ್ಮನೆ ಗೆದ್ದದ್ದನ್ನು ಕಳೆದುಕೊಳ್ಳುವುದು ಯಾಕೆ ಎಂದರು. ಬೇಡವೆಂದರೆ ಇಪ್ಪತ್ತಕ್ಕೇ ಇಡೋಣ ಎಂದೆ. ಕೊನೆಗೆ ಅವರೇ ಓಡಿಸುವ ಬಟನ್ ಒತ್ತಿದರು.

ಗೇಟಿನ ಭಾಗದಲ್ಲಿ ಏಳೂ ಬಿದ್ದವು, ಏಳೂ ಬೀಳುತ್ತಲೇ ಲೈನ್ ಬಿಟ್ಟುಕೊಟ್ಟವು. ವೇ ಬ್ರಿಜ್ ಶುರುವಾಯಿತು. ಮೂವತ್ತೊಂದನೆಯದಾದ ಮೇಲೆ ಓಟ ನಿಂತಿತು: ಕನೆಕ್ಷನ್ ಸಿಗಲಿಲ್ಲ. ಅವರ ಮುಖ ಇಳಿದುಹೋಯಿತು. ಪಟ್ಟಿಯಲ್ಲಿ ಎರಡು ಹೆಸರಿದ್ದವು. ಈ ಸಲ ಅವರವೇ. ಮಂಗಳವಾರ ಸಿಕ್ಕಿದಂಥದ್ದೇ ಇನ್ನೆರಡು, ಮೊದಮೊದಲು ಕಲಿಯುವಾಗ ಬರೆದವು, ಸ್ವಂತವಾಗಿ ತೆರೆದು ಮುಚ್ಚದೆ ಬಿಟ್ಟವು. ನಾನು ಅರವತ್ತೆರಡನ್ನೂ ಓದಿದ್ದೆನಲ್ಲ. ಇವೆರಡು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಸಿಕ್ಕಿದ ಖುಷಿಯಲ್ಲಿ ಉಳಿದವನ್ನು ಹೇಗೆ ಓದಿದ್ದೆನೋ.

“ಹೆಸರು ಉಂಟಲ್ಲ, ಎಂತ ಹೆದರುವುದು?” ಎಂದರು ಶೆಟ್ರು. ಪರೀಕ್ಷಕಿ ಹತ್ತು ನಿಮಿಷದಲ್ಲಿ ಎರಡನ್ನೂ ಸರಿಪಡಿಸಿದರು. ಹನ್ನೆರಡೂವರೆಗೆ ಇನ್ನೊಂದು ಓಟ ಮುಗಿಯಿತು. ಅರವತ್ತೆರಡೂ ಪಾಸು, ಎರಡೇ ಕನೆಕ್ಷನ್‌ನಲ್ಲಿ.

ಸಂಜೆಯ ಸಭೆಯಲ್ಲಿ ಮ್ಯಾನೇಜರರು ನನ್ನ ಎರಡನೇ ಮೇಲಿನ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಎಲ್ಲರೂ ಬಳಸುವ ಫೈಲನ್ನು ಇನ್ನು ಯಾರು ನೋಡಿಕೊಳ್ಳುವುದು ಎಂದು ಮಾತ್ರ ಕೇಳಿದರು. ನಾನು ಪರೀಕ್ಷಕಿಯ ಹೆಸರು ಹೇಳಿದೆ. ಅವರು ತಕ್ಷಣ ಒಪ್ಪಲಿಲ್ಲ.

“ತಗೊಳ್ತೇನೆ. ಆದ್ರೆ ಯಾರು ಬದಲಾಯಿಸಿದ್ರೂ ನನಗೆ ತೋರಿಸಿಯೇ ಸೇರಿಸ್ಬೇಕು. ಸರ್ ಸಹ.”

ಸರ್ ಸಹ, ಎಂದು ನಾನೂ ಹೇಳಿದೆ. ಶೆಟ್ರು ತುಳುವಿನಲ್ಲಿ ಏನೋ ಅಂದರು, ಇಬ್ಬರೂ ನಕ್ಕರು. ನನಗೆ ಅರ್ಥವಾಯಿತು ಎಂದು ಅವರಿಗೆ ಗೊತ್ತಾಗಲಿಲ್ಲ ಎಂದುಕೊಂಡಿದ್ದೇನೆ.

ಸೋಮವಾರ ಯಾರ್ಡಿನವರು ಬಂದರು. ಏಳು ಬಿದ್ದದ್ದನ್ನೂ ಮರೆಮಾಚದೆ ತೋರಿಸಿದೆವು. ನಮ್ಮ ಪರದೆಯಲ್ಲೇ ತಪ್ಪಿದೆ, ಸರಿಪಡಿಸಿ ಕೊಡುತ್ತೇವೆ ಎಂದೆವು. ಅವರಿಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಹಿಂದಿನ ಚಕ್ರ ಹೊರಗೆ ಬಿಟ್ಟು ನಿಲ್ಲುವ ಡ್ರೈವರನ ಪರೀಕ್ಷೆ. ಇದನ್ನು ಯಾರು ಬರೆದದ್ದು, ನಮ್ಮಲ್ಲಿ ದಿನಾ ಹೀಗೇ ಆಗುತ್ತದೆ ಎಂದು ಕೇಳಿದರು.

ಅವರು ಹೋದ ಮೇಲೆ ನಾನು ಆ ಫೈಲಿನಲ್ಲಿ ಒಂದು ಬದಲಾವಣೆ ಮಾಡಿ, ಒಪ್ಪಂದದಂತೆ ಪರೀಕ್ಷಕಿಗೆ ಕಳಿಸಿದೆ. ನನ್ನ ಆ ಹಳೆಯ ಸಾಲನ್ನು, ಬಿದ್ದ ಪರೀಕ್ಷೆಯ ದಾಖಲೆ ಉಳಿಸುವುದನ್ನು, ಪೂರ್ತಿ ತೆಗೆದುಹಾಕಿದ್ದೆ. ಅದನ್ನು ನೋಡಿದಾಗಲೆಲ್ಲ ಕಿರಿಕಿರಿಯಾಗುತ್ತಿತ್ತು. ಅರ್ಧ ಗಂಟೆಯಲ್ಲಿ ಅವರು ಅದನ್ನು ತಿರಸ್ಕರಿಸಿ ಹಿಂದಕ್ಕೆ ಕಳಿಸಿದರು. ಕೇಳಲು ಹೋದೆ.

“ಅದು ಬೇಕು ಸರ್. ಬಿದ್ದದ್ದನ್ನು ಅಳಿಸಿಬಿಟ್ರೆ ಯಾಕೆ ಬಿತ್ತು ಅಂತ ನಾನು ಹೇಗೆ ನೋಡುವುದು? ಕಳೆದ ಎಂಟು ತಿಂಗಳು ನಾನು ಕಲಿತದ್ದೆಲ್ಲ ಅದರಿಂದಲೇ.”

ಅಲ್ಲಿಯೇ, ನನ್ನ ಎದುರಿಗೇ, ನನ್ನ ಹಳೆಯ ಸಾಲನ್ನು ಹಾಗೇ ಉಳಿಸಿಕೊಂಡು ಅವರು ಆ ಭಾಗವನ್ನು ಬರೆದರು. ಪರೀಕ್ಷೆ ಪಾಸಾದರೆ ದಾಖಲೆ ಅಳಿಸು. ಬಿದ್ದರೆ ಹಾಗೇ ಇರಲಿ. ಏನೇ ಆದರೂ ಕನೆಕ್ಷನ್ ಮುಚ್ಚು. ಮಧ್ಯದ ಸಾಲಿನ ಮುಂದೆ ದಾಖಲೆಯಲ್ಲಿ ಇಂದಿಗೂ ನನ್ನ ಹೆಸರಿದೆ, ಮೂರನೆಯದರ ಮುಂದೆ ಅವರದು.